ಯುದ್ಧ ಗೆದ್ದ ರಾಜರು, ಸೆರೆ ಬಿಡಿಸಿದ ಸಂತರು

ನವೆಂಬರ್ ತಿಂಗಳ ಪೂಜಾ ಪಂಚಾಂಗವನ್ನು ನೋಡಿದರೆ ದೂರದ ಸ್ಕಾಟ್ಲೆಂಡ್ ನಾಡಿಗೆ ಸಂಬಂಧಿಸಿದ ಎರಡು ಹಬ್ಬಗಳು ಕಾಣಸಿಗುತ್ತವೆ. 16ರಂದು ಆ ನಾಡಿನ ರಾಣಿಯಾಗಿದ್ದ ಸಂತ ಮಾರ್ಗರೇಟರ ಸ್ಮರಣೆ. 30ರಂದು ಆ ನಾಡಿನ ಪಾಲಕರಾದ ಪ್ರೇಷಿತ ಸಂತ ಅಂದ್ರೆಯರ ಹಬ್ಬ. ಮಾರ್ಗರೇಟರ ಹೆಸರನ್ನು ಹೊತ್ತ ಹೆಣ್ಣುಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ರಾಣಿ ಬಾಳಿದ ನಾಡು ಎಂಥದ್ದು, ಆಕೆಯ ಗಂಡ ಎಂಥ ರಾಜ, ಆಕೆಯ ಅರಮನೆಯ ಸುತ್ತಲಿನ ಗುಡಿಸಲುಗಳಲ್ಲಿ ಯಾರು ಯಾರಿಗೆ ಜೀತ ಮಾಡುತ್ತಿದ್ದರು ಎಂಬುದನ್ನು ನಾವು ಅಷ್ಟಾಗಿ ಕೇಳಿಲ್ಲ.

ಆ ಕಥೆಯನ್ನು ತಿಳಿಯಬೇಕಾದರೆ ಮಾರ್ಗರೇಟರಿಗಿಂತ ಐನೂರು ವರ್ಷ ಹಿಂದಕ್ಕೆ ಹೋಗಬೇಕು. ಆ ಐನೂರು ವರ್ಷಗಳ ಇತಿಹಾಸ ಬಹುಮಟ್ಟಿಗೆ ಯುದ್ಧದ ಇತಿಹಾಸ. ಅದರೊಳಗೆ ಇನ್ನೊಂದು ಸಣ್ಣ ಎಳೆ ಹರಿದು ಬಂದಿದೆ. ಯುದ್ಧವನ್ನು ನಿಲ್ಲಿಸಲು ತನ್ನಿಂದ ಆಗದು ಎಂದು ತಿಳಿದ ಮೇಲೂ ಒಬ್ಬ ಕ್ರೈಸ್ತನು ಮಾಡಬಹುದಾದ ಕೆಲಸವೇನು? ಈ ಪ್ರಶ್ನೆಗೆ ಆ ನಾಡಿನ ಕೆಲವರು ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟಿದ್ದಾರೆ.

ಒಂದು ನಾಡು, ನಾಲ್ಕು ಜನ

ಇಂದು ಸ್ಕಾಟ್ಲೆಂಡ್ ಎಂದು ಕರೆಯಲಾಗುವ ನೆಲದಲ್ಲಿ ಆರನೆಯ ಶತಮಾನದಲ್ಲಿ ಸ್ಕಾಟ್ಲೆಂಡ್ ಎಂಬ ರಾಜ್ಯವೇ ಇರಲಿಲ್ಲ. ಪಶ್ಚಿಮದ ಕಡಲ ತೀರ ಮತ್ತು ದ್ವೀಪಗಳಲ್ಲಿ ಡಾಲ್ ರಿಯಾಟ ಎಂಬ ಸಣ್ಣ ರಾಜ್ಯವಿತ್ತು. ಅಲ್ಲಿಯವರು ಐರ್ಲೆಂಡಿನವರ ಬಳಗದವರು, ಆಡುತ್ತಿದ್ದುದು ಗೇಲಿಕ್ ಭಾಷೆ. ‘ಸ್ಕಾಟರು’ ಎಂಬ ಹೆಸರು ಆಗ ಇದ್ದುದು ಇವರಿಗೆ ಮತ್ತು ಐರ್ಲೆಂಡಿನವರಿಗೆ. ಉತ್ತರ ಮತ್ತು ಪೂರ್ವ ಭಾಗ ಪಿಕ್ಟರದು. ನೈಋತ್ಯದಲ್ಲಿ ಡಂಬಾರ್ಟನ್ ಬಂಡೆಯ ಮೇಲೆ ಕೋಟೆ ಕಟ್ಟಿಕೊಂಡಿದ್ದವರು ಬ್ರಿಟನ್ನರು. ದಕ್ಷಿಣದಿಂದ ಮೇಲೆ ಮೇಲೆ ಬರುತ್ತಿದ್ದವರು ಆಂಗ್ಲರು. ಅವರ ನಾರ್ತಂಬ್ರಿಯ ರಾಜ್ಯ ಮುಂದಿನ ಶತಮಾನದಲ್ಲಿ ಬಲು ಪ್ರಬಲವಾಯಿತು.

ಈ ನಾಲ್ಕು ಜನರ ನಡುವೆ ಗಡಿ ಎಂಬುದು ವರ್ಷಕ್ಕೊಮ್ಮೆ ಬದಲಾಗುವ ಗೆರೆ. ಬೇಸಿಗೆ ಬಂತೆಂದರೆ ರಾಜನು ಪಡೆ ಕಟ್ಟಿಕೊಂಡು ಪಕ್ಕದ ನಾಡಿಗೆ ನುಗ್ಗುವನು. ದನ ಹೊಡೆದುಕೊಂಡು ಬರುವುದು, ಬೆಳೆ ಸುಡುವುದು, ಜನರನ್ನು ಹಿಡಿದು ತಂದು ದಾಸರನ್ನಾಗಿ ಮಾಡುವುದು, ಇದೇ ಅಂದಿನ ರಾಜಧರ್ಮ. ಸೈನಿಕರಿಗೆ ಸಂಬಳವಿರಲಿಲ್ಲ, ಕೊಳ್ಳೆಯೇ ಸಂಬಳ. ಕೊಳ್ಳೆಯಲ್ಲಿ ಬಹು ಬೆಲೆಬಾಳುತ್ತಿದ್ದುದು ಮನುಷ್ಯರು.

ಗಂಟೆ ಬಾರಿಸಿದ ಕೊಲಂಬ

ಇಂತಹ ನಾಡಿಗೆ ಕ್ರಿ.ಶ. 563ರಲ್ಲಿ ಐರ್ಲೆಂಡಿನಿಂದ ಸಂತ ಕೊಲಂಬ ಎಂಬ ಮಠವಾಸಿ ಹನ್ನೆರಡು ಮಂದಿ ಸಂಗಡಿಗರೊಡನೆ ದೋಣಿಯಲ್ಲಿ ಬಂದಿಳಿದರು. ಅಯೋನ ಎಂಬ ಪುಟ್ಟ ದ್ವೀಪದಲ್ಲಿ ಮಠ ಕಟ್ಟಿದರು. ಅವರೂ ರಾಜವಂಶದವರೇ. ಅವರು ತಾಯ್ನಾಡನ್ನು ಬಿಟ್ಟದ್ದು 561ರಲ್ಲಿ ಐರ್ಲೆಂಡಿನಲ್ಲಿ ನಡೆದ ಒಂದು ಘೋರ ಯುದ್ಧದ ಎರಡು ವರ್ಷಗಳ ನಂತರ. ಆ ರಕ್ತಪಾತಕ್ಕೆ ಕೊಲಂಬರೇ ಕಾರಣರೆಂದೂ, ಅದರ ಪ್ರಾಯಶ್ಚಿತ್ತಕ್ಕಾಗಿ ಗಡಿಪಾರಾಗಿ ಬಂದರೆಂದೂ ನಂತರದ ಕಾಲದ ಐತಿಹ್ಯಗಳು ಹೇಳುತ್ತವೆ.

574ರಲ್ಲಿ ಡಾಲ್ ರಿಯಾಟದ ಸಿಂಹಾಸನ ಬರಿದಾಯಿತು. ಕೊಲಂಬರ ಮನಸ್ಸು ಇಯೋಗನಾನ್ ಎಂಬ ಅರಸುಮಗನ ಕಡೆಗಿತ್ತು. ಆದರೆ ದೇವದೂತನೊಬ್ಬ ದರ್ಶನವಿತ್ತು ಅವನ ಸೋದರ ಏಡಾನನನ್ನು ಅಭಿಷೇಕಿಸಬೇಕೆಂದು ಆಜ್ಞಾಪಿಸಿದನಂತೆ. ಕೊಲಂಬರು ಒಪ್ಪದಿದ್ದಾಗ ಚಾವಟಿಯಿಂದ ಹೊಡೆದನಂತೆ. ಮೂರು ರಾತ್ರಿ ಹೀಗಾದ ಮೇಲೆ ಕೊಲಂಬರು ಏಡಾನನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಇದನ್ನು ಬರೆದಿಟ್ಟವರು ಅಯೋನ ಮಠದ ಒಂಬತ್ತನೆಯ ಮಠಾಧಿಪತಿ ಸಂತ ಅಡಮ್ನಾನರು. ಅವರ ಹೆಸರನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಅಡಮ್ನಾನರು ಹೇಳುವ ಇನ್ನೊಂದು ಪ್ರಸಂಗವಿದೆ. ಒಂದು ದಿನ ಕೊಲಂಬರು ಇದ್ದಕ್ಕಿದ್ದಂತೆ ತಮ್ಮ ಸೇವಕ ಡಿಯರ್ಮಟನಿಗೆ ಗಂಟೆ ಬಾರಿಸಲು ಹೇಳಿದರು. ಮಠವಾಸಿಗಳು ಓಡಿ ಬಂದು ದೇವಾಲಯದಲ್ಲಿ ಮೊಣಕಾಲೂರಿದರು. ಆ ಗಳಿಗೆಯಲ್ಲಿ ದೂರದಲ್ಲಿ ಏಡಾನನು ಮಿಯಾತಿ ಎಂಬ ಜನರೊಡನೆ ಯುದ್ಧಕ್ಕೆ ಇಳಿದಿದ್ದನು. ಸ್ವಲ್ಪ ಹೊತ್ತಿನ ನಂತರ ಕೊಲಂಬರು ಎದ್ದು, ರಾಜನಿಗೆ ಜಯ ಸಿಕ್ಕಿದೆ, ಆದರೆ ಅದು ದುಃಖದ ಜಯ ಎಂದರು. ಏಡಾನನ ಕಡೆ ಸತ್ತವರ ಲೆಕ್ಕವನ್ನೂ ಹೇಳಿದರು: 303 ಮಂದಿ. ಸತ್ತವರಲ್ಲಿ ರಾಜನ ಇಬ್ಬರು ಮಕ್ಕಳೂ ಇದ್ದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಸಂತರು ಪ್ರಾರ್ಥಿಸಿದ್ದು ತಮ್ಮ ರಾಜನ ಗೆಲುವಿಗಾಗಿ. ಎದುರು ಪಕ್ಷದಲ್ಲಿ ಸತ್ತವರೆಷ್ಟು ಎಂದು ಅವರು ಹೇಳಲಿಲ್ಲ. ಹಾಗಿದ್ದರೂ ತಮ್ಮ ಕಡೆಯ ಹೆಣಗಳನ್ನು ಅವರು ಲೆಕ್ಕವಿಟ್ಟರು, ಗೆಲುವನ್ನು ದುಃಖದ ಗೆಲುವೆಂದು ಕರೆದರು. ರಾಜನ ಆಸ್ಥಾನದ ಕವಿ ಯಾರೂ ಹಾಗೆ ಕರೆದಿರಲಾರನು.

ಕೊಲಂಬರು 597ರ ಜೂನ್ 9ರಂದು ದೇವರ ಪಾದ ಸೇರಿದರು. 603ರಲ್ಲಿ ಏಡಾನನು ಭಾರಿ ಸೈನ್ಯ ಕಟ್ಟಿಕೊಂಡು ನಾರ್ತಂಬ್ರಿಯದ ರಾಜ ಎಥೆಲ್‌ಫ್ರಿತನ ಮೇಲೆ ಏರಿ ಹೋದನು. ಡೆಗ್ಸಾಸ್ಟನ್ ಎಂಬಲ್ಲಿ ನಡೆದ ಯುದ್ಧದಲ್ಲಿ ಅವನ ಸೈನ್ಯ ಬಹುಪಾಲು ನಾಶವಾಯಿತು. ಅವನು ಬೆರಳೆಣಿಕೆಯ ಜನರೊಡನೆ ತಪ್ಪಿಸಿಕೊಂಡನು. ಗೆದ್ದ ಎಥೆಲ್‌ಫ್ರಿತನೂ ಅದೇ ಯುದ್ಧದಲ್ಲಿ ತನ್ನ ತಮ್ಮ ಥಿಯೋಬಾಲ್ಡನನ್ನು ಅವನ ಇಡೀ ಪಡೆಯೊಡನೆ ಕಳೆದುಕೊಂಡನು. ಅಂದಿನಿಂದ ತಮ್ಮ ಕಾಲದವರೆಗೆ ಸ್ಕಾಟರ ಯಾವ ರಾಜನೂ ಆಂಗ್ಲರ ಮೇಲೆ ಯುದ್ಧಕ್ಕೆ ಬರುವ ಧೈರ್ಯ ಮಾಡಲಿಲ್ಲವೆಂದು 731ರಲ್ಲಿ ಸಂತ ಬೀಡರು ತಮ್ಮ ಇತಿಹಾಸ ಗ್ರಂಥದಲ್ಲಿ ಬರೆದಿದ್ದಾರೆ.

ಶತ್ರುವಿನ ಮಕ್ಕಳಿಗೆ ಆಶ್ರಯ

ಮುಂದಿನದು ಮನುಷ್ಯರು ಯೋಚಿಸಿ ಮಾಡಿದ್ದಲ್ಲ ಎನಿಸುತ್ತದೆ. 616ರಲ್ಲಿ ಎಥೆಲ್‌ಫ್ರಿತನು ಯುದ್ಧದಲ್ಲಿ ಹತನಾದನು. ಅವನ ಮಕ್ಕಳು ಜೀವ ಉಳಿಸಿಕೊಳ್ಳಲು ಉತ್ತರಕ್ಕೆ ಓಡಿದರು. ಅವರಿಗೆ ಆಶ್ರಯ ಕೊಟ್ಟವರು ಹದಿಮೂರು ವರ್ಷ ಹಿಂದೆ ಅವರ ತಂದೆಯ ಕೈಯಲ್ಲಿ ಸೋತು ಸುಣ್ಣವಾಗಿದ್ದ ಅದೇ ಸ್ಕಾಟರು! ಆ ಮಕ್ಕಳಲ್ಲಿ ಒಬ್ಬನಾದ ಓಸ್ವಾಲ್ಡನು ಅಯೋನದ ಮಠವಾಸಿಗಳ ನಡುವೆ ಬೆಳೆದು ಜ್ಞಾನಸ್ನಾನ ಪಡೆದನು, ಗೇಲಿಕ್ ಕಲಿತನು. ಸುಮಾರು 17 ವರ್ಷಗಳ ನಂತರ ತಾಯ್ನಾಡಿಗೆ ಮರಳಿ ರಾಜನಾದಾಗ ಅವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ತನ್ನ ಜನರಿಗಾಗಿ ಒಬ್ಬ ಧರ್ಮಾಧ್ಯಕ್ಷರನ್ನು ಕಳುಹಿಸಿರೆಂದು ಅಯೋನಕ್ಕೆ ಹೇಳಿ ಕಳುಹಿಸಿದ್ದು.

635ರಲ್ಲಿ ಹಾಗೆ ಬಂದವರು ಸಂತ ಐಡನ್. ಅವರಿಗೆ ಆಂಗ್ಲರ ಭಾಷೆ ಸರಿಯಾಗಿ ಬಾರದು. ಅವರು ಗೇಲಿಕ್‌ನಲ್ಲಿ ಪ್ರಬೋಧನೆ ಮಾಡಿದರೆ ಪಕ್ಕದಲ್ಲಿ ನಿಂತು ಆಂಗ್ಲರ ಭಾಷೆಗೆ ಹೇಳುತ್ತಿದ್ದವನು ಸ್ವತಃ ರಾಜ ಓಸ್ವಾಲ್ಡ್. ಶತ್ರುವಿನ ಭಾಷೆಯನ್ನು ಕಲಿತ ರಾಜನ ಬಾಯಿಂದಲೇ ಉತ್ತರ ಇಂಗ್ಲೆಂಡಿನ ಜನ ಶುಭಸಂದೇಶವನ್ನು ಕೇಳಿದರು.

ಐಡನರ ಇನ್ನೊಂದು ರೂಢಿಯನ್ನು ಬೀಡರು ದಾಖಲಿಸಿದ್ದಾರೆ. ಸಿರಿವಂತರು ಕೊಟ್ಟ ಹಣವನ್ನು ಅವರು ತಮ್ಮಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಬಡವರಿಗೆ ಹಂಚುತ್ತಿದ್ದರು, ಇಲ್ಲವೇ ಅನ್ಯಾಯವಾಗಿ ಮಾರಾಟವಾಗಿದ್ದ ದಾಸರನ್ನು ಹಣ ತೆತ್ತು ಬಿಡಿಸುತ್ತಿದ್ದರು. ಹಾಗೆ ಬಿಡುಗಡೆಯಾದವರಲ್ಲಿ ಅನೇಕರನ್ನು ಶಿಷ್ಯರನ್ನಾಗಿ ಮಾಡಿಕೊಂಡು, ಓದು ಕಲಿಸಿ, ಕೆಲವರನ್ನು ಗುರುಪಟ್ಟಕ್ಕೂ ಏರಿಸಿದರು. ನಿನ್ನೆ ಸಂತೆಯಲ್ಲಿ ಮಾರಾಟವಾದವನು ಇಂದು ಪೀಠದ ಮುಂದೆ ಬಲಿಪೂಜೆ ಅರ್ಪಿಸುವ ಗುರು! ನಾವು ಆರಂಭದಲ್ಲಿ ಹೇಳಿದ ಸಣ್ಣ ಎಳೆ ಇದೇ.

ಅರವತ್ತು ಮಂದಿ ಸೆರೆಯಾಳುಗಳು

ಓಸ್ವಾಲ್ಡನ ನಂತರ ಅವನ ತಮ್ಮ ಓಸ್ವಿಯು ಪಿಕ್ಟರನ್ನೂ ಸ್ಕಾಟರನ್ನೂ ಬಹುಮಟ್ಟಿಗೆ ಅಧೀನಕ್ಕೆ ತಂದನು. ಓಸ್ವಿಯುವಿನ ಮಗ ಎಗ್‌ಫ್ರಿತ್ 670ರಲ್ಲಿ ಪಟ್ಟಕ್ಕೆ ಬಂದನು. ಅವನಿಗೆ ಅಷ್ಟು ಸಾಲದಾಯಿತು. 684ರಲ್ಲಿ ತನಗೆ ಯಾವ ಕೇಡನ್ನೂ ಮಾಡದ ಐರ್ಲೆಂಡಿನ ಮೇಲೆ ಸೈನ್ಯ ಕಳುಹಿಸಿದನು. ಬೇಡವೆಂದು ಸಂತ ಎಗ್‌ಬರ್ಟರು ಹೇಳಿದರೂ ಕೇಳಲಿಲ್ಲ. ಸೈನ್ಯವು ದೇವಾಲಯ, ಮಠಗಳೆಂದೂ ನೋಡದೆ ಸೂರೆ ಮಾಡಿ ಜನರನ್ನು ಸೆರೆಹಿಡಿದು ತಂದಿತು. ಮರುವರ್ಷ ಪಿಕ್ಟರ ಮೇಲೆ ಹೊರಟಾಗ ಸಂತ ಕತ್‌ಬರ್ಟರು ತಡೆದರು. ಅದನ್ನೂ ಕೇಳಲಿಲ್ಲ.

ಪಿಕ್ಟರ ರಾಜ ಬ್ರಿಡೆ ಓಡಿಹೋಗುವಂತೆ ನಟಿಸಿ ಆಂಗ್ಲರನ್ನು ಬೆಟ್ಟಗಳ ಇಕ್ಕಟ್ಟಿಗೆ ಸೆಳೆದನು. 685ರ ಮೇ 20ರಂದು ಡನ್ ನೆಖ್ತನ್ ಎಂಬಲ್ಲಿ ಎಗ್‌ಫ್ರಿತನೂ ಅವನ ಸೈನ್ಯದ ಬಹುಭಾಗವೂ ಹತವಾದವು. ಅವನ ವಯಸ್ಸು ಆಗ ಇನ್ನೂ ನಲವತ್ತು ತುಂಬಿರಲಿಲ್ಲ. ಪಿಕ್ಟರಿಗೆ ಸ್ವಾತಂತ್ರ್ಯ ಮರಳಿತು. ಅವರ ನಾಡಿನ ಅಂಚಿನಲ್ಲಿ ನೆಲೆಸಿದ್ದ ಆಂಗ್ಲ ಧರ್ಮಾಧ್ಯಕ್ಷ ಟ್ರಮ್‌ವೈನರು ಅಬರ್‌ಕಾರ್ನ್ ಬಿಟ್ಟು ದಕ್ಷಿಣಕ್ಕೆ ಹೊರಟುಹೋದರು. ಉತ್ತರದ ನಾಡು ಆಂಗ್ಲರ ಕೈಗೆ ಹೋಗದೆ ಉಳಿದು, ಮುಂದೆ ಸ್ಕಾಟ್ಲೆಂಡ್ ಆಗಲು ಈ ಒಂದು ದಿನದ ಯುದ್ಧವೂ ಕಾರಣವೆಂದು ಇತಿಹಾಸಕಾರರು ಎಣಿಸುತ್ತಾರೆ.

ಆದರೆ ಐರ್ಲೆಂಡಿನಿಂದ ಹಿಡಿದು ತಂದಿದ್ದ ಸೆರೆಯಾಳುಗಳ ಗತಿಯೇನು? ರಾಜ ಸತ್ತ, ಅವರು ಮಾತ್ರ ಪರದೇಶದಲ್ಲಿ ದಾಸರಾಗಿಯೇ ಉಳಿದಿದ್ದರು. ಎಗ್‌ಫ್ರಿತನ ನಂತರ ಪಟ್ಟಕ್ಕೆ ಬಂದವನು ಅವನ ಮಲಸೋದರ ಆಲ್ಡ್‌ಫ್ರಿತ್. ಓದಿನ ಮೇಲೆ ಪ್ರೀತಿಯಿದ್ದ ಈತನು ಅದುವರೆಗೆ ಸ್ಕಾಟರ ನಡುವೆ ವಿದ್ಯಾರ್ಥಿಯಾಗಿದ್ದನು. ಅಯೋನದ ಮಠಾಧಿಪತಿ ಅಡಮ್ನಾನರಿಗೆ ಅವನ ಪರಿಚಯವಿತ್ತು. ಅವರು ಎದ್ದು ನಾರ್ತಂಬ್ರಿಯಕ್ಕೆ ಹೋದರು. 687ರಲ್ಲಿ ಅಡಮ್ನಾನರು 60 ಮಂದಿ ಸೆರೆಯಾಳುಗಳನ್ನು ಐರ್ಲೆಂಡಿಗೆ ಮರಳಿ ಕರೆತಂದರೆಂದು ಐರಿಷ್ ಕಾಲಾನುಕ್ರಮಣಿಕೆಗಳು ಒಂದೇ ಸಾಲಿನಲ್ಲಿ ದಾಖಲಿಸಿವೆ. ಆ 60 ಮಂದಿಯ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಆದರೆ ಅರವತ್ತು ಮನೆಗಳಲ್ಲಿ ಅಂದು ಸಂಜೆ ಏನಾಗಿರಬಹುದೆಂದು ನಾವು ಊಹಿಸಬಲ್ಲೆವು.

ಅಡಮ್ನಾನರು ಅಲ್ಲಿಗೇ ನಿಲ್ಲಲಿಲ್ಲ. ಯುದ್ಧವಾದ ಮೇಲೆ ಹೋಗಿ ಬಿಡಿಸುವುದಕ್ಕಿಂತ ಮೊದಲೇ ಒಂದು ಕಟ್ಟಳೆ ಇರಬಾರದೇ ಎಂದು ಯೋಚಿಸಿದರು. ಇದಕ್ಕೆ ಕಾರಣವಾದ ಒಂದು ಕಥೆಯನ್ನು ನಂತರದವರು ಹೇಳುತ್ತಾರೆ. ಅಡಮ್ನಾನರು ತಾಯಿ ರೋನತಳನ್ನು ಬೆನ್ನ ಮೇಲೆ ಹೊತ್ತು ಸಾಗುತ್ತಿದ್ದಾಗ ಯುದ್ಧ ಮುಗಿದ ಬಯಲೊಂದು ಎದುರಾಯಿತು. ಅಲ್ಲಿ ತಲೆ ಕಡಿದು ಬಿದ್ದಿದ್ದ ಒಬ್ಬ ಹೆಂಗಸಿನ ಎದೆಯ ಮೇಲೆ ಹಸುಗೂಸೊಂದು ಮಲಗಿತ್ತು. ಅದರ ಒಂದು ಕೆನ್ನೆಯ ಮೇಲೆ ಹಾಲು, ಇನ್ನೊಂದು ಕೆನ್ನೆಯ ಮೇಲೆ ರಕ್ತ. ಹೆಣ್ಣುಮಕ್ಕಳನ್ನು ಇದರಿಂದ ಪಾರುಮಾಡುವವರೆಗೆ ನೀನು ನನ್ನ ಮಗನಲ್ಲ ಎಂಬಂತೆ ತಾಯಿ ಹಟ ಹಿಡಿದಳಂತೆ. ಇದು ಐತಿಹ್ಯವೇ ಇರಬಹುದು. ಆದರೆ ಅದರ ಹಿಂದಿರುವ ಕಟ್ಟಳೆ ಐತಿಹ್ಯವಲ್ಲ.

697ರಲ್ಲಿ ಐರ್ಲೆಂಡಿನ ಬರ್ ಎಂಬ ಊರಿನಲ್ಲಿ ರಾಜರೂ ಧರ್ಮಾಧ್ಯಕ್ಷರೂ ಮಠಾಧಿಪತಿಗಳೂ ಸೇರಿದರು. ಯುದ್ಧದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಧರ್ಮಸಭೆಯ ಸೇವಕರನ್ನೂ ಕೊಲ್ಲಬಾರದು, ಕೊಂದವನು ಭಾರಿ ದಂಡ ತೆರಬೇಕು ಎಂಬ ಕಟ್ಟಳೆಯನ್ನು ಸ್ವೀಕರಿಸಿದರು. ‘ನಿರಪರಾಧಿಗಳ ಕಟ್ಟಳೆ’ ಎಂದು ಅದಕ್ಕೆ ಹೆಸರು. ಜಾಮೀನು ನಿಂತ 91 ಮಂದಿಯ ಪಟ್ಟಿಯಲ್ಲಿ ಐರ್ಲೆಂಡಿನ ರಾಜರ ಜೊತೆಗೆ ಡಾಲ್ ರಿಯಾಟದ ರಾಜನ ಹೆಸರೂ ಇದೆ, ಪಿಕ್ಟರ ರಾಜನಾದ ಡೆರಿಲೆಯ ಮಗ ಬ್ರಿಡೆಯ ಹೆಸರೂ ಇದೆ. ಪರಸ್ಪರ ಕಾದಾಡುತ್ತಿದ್ದವರೇ ಒಂದೇ ಪಟ್ಟಿಯಲ್ಲಿ ಸೇರಿದರು! ಇಂದು ಜಿನೀವಾ ಒಪ್ಪಂದಗಳ ಬಗ್ಗೆ ಮಾತನಾಡುವವರು ಈ ಕಟ್ಟಳೆಯನ್ನೂ ನೆನೆಯುತ್ತಾರೆ. ರಾಜನ ಗೆಲುವಿಗಾಗಿ ಗಂಟೆ ಬಾರಿಸಿದ ಮಠವೇ ನೂರು ವರ್ಷಗಳ ನಂತರ ರಾಜನ ಕೈಯನ್ನು ಹಿಡಿದು ತಡೆಯಲು ಕಲಿತಿತ್ತು.

ಕಡಲಿನಿಂದ ಬಂದ ಬೆಂಕಿ

ಕಟ್ಟಳೆ ಬಂತೆಂದು ಯುದ್ಧ ನಿಲ್ಲಲಿಲ್ಲ. ಫರ್ಗಸನ ಮಗನಾದ ಪಿಕ್ಟರ ರಾಜ ಓಂಗಸ್ 736ರಲ್ಲಿ ಡಾಲ್ ರಿಯಾಟವನ್ನು ಧ್ವಂಸಮಾಡಿ, ಡನಾಡ್ ಕೋಟೆ ಹಿಡಿದು, ಅಲ್ಲಿಯ ರಾಜಪುತ್ರರಿಬ್ಬರಿಗೆ ಸಂಕೋಲೆ ತೊಡಿಸಿದನು. ಅವನ ಕಾಲದಲ್ಲಿಯೇ ಪೂರ್ವದ ಕಡಲ ತೀರದಲ್ಲಿ ಒಂದು ಮಠ ಮೊದಲ ಬಾರಿಗೆ ದಾಖಲೆಯಲ್ಲಿ ಕಾಣಿಸುತ್ತದೆ. ಮುಂದೆ ಪ್ರೇಷಿತ ಅಂದ್ರೆಯರ ಪವಿತ್ರ ಅವಶೇಷಗಳ ಕ್ಷೇತ್ರವಾಗಿ ಸೇಂಟ್ ಆಂಡ್ರೂಸ್ ಎಂಬ ಹೆಸರು ಪಡೆದದ್ದು ಅದೇ ಊರು.

795ರಲ್ಲಿ ಉತ್ತರದಿಂದ ವೈಕಿಂಗರ ಹಡಗುಗಳು ಅಯೋನಕ್ಕೆ ಬಂದವು. ಇವರಿಗೆ ಕ್ರಿಸ್ತನೂ ತಿಳಿಯದು, ಅಡಮ್ನಾನರ ಕಟ್ಟಳೆಯೂ ತಿಳಿಯದು. 802ರಲ್ಲಿ ಮಠ ಸುಟ್ಟಿತು. 806ರಲ್ಲಿ 68 ಮಂದಿ ಹತರಾದರು. 825ರಲ್ಲಿ ಕೊಲಂಬರ ಅವಶೇಷಗಳಿದ್ದ ಪೆಟ್ಟಿಗೆಯನ್ನು ಎಲ್ಲಿ ಹೂತಿದ್ದಾರೆಂದು ಹೇಳಲೊಲ್ಲದ ಬ್ಲಾತ್‌ಮಾಕ್ ಎಂಬ ಗುರು ರಕ್ತಸಾಕ್ಷಿಯಾದರು. 839ರಲ್ಲಿ ಪಿಕ್ಟರ ರಾಜನೂ ಅವನ ತಮ್ಮನೂ ಡಾಲ್ ರಿಯಾಟದ ರಾಜನೂ ವೈಕಿಂಗರ ಕೈಯಲ್ಲಿ ಒಂದೇ ಯುದ್ಧದಲ್ಲಿ ಸತ್ತರು. ಆ ಬರಿದಾದ ನೆಲದ ಮೇಲೆ, ಸುಮಾರು 843ರಲ್ಲಿ, ಪಿಕ್ಟರನ್ನೂ ಸ್ಕಾಟರನ್ನೂ ಆಳುವ ರಾಜನಾಗಿ ಮೇಲೆ ಬಂದವನು ಕೆನೆತ್ ಮ್ಯಾಕ್ ಆಲ್ಪಿನ್.

849ರಲ್ಲಿ ಕೊಲಂಬರ ಅವಶೇಷಗಳನ್ನು ಹಂಚಿ ಒಂದು ಪಾಲನ್ನು ಐರ್ಲೆಂಡಿಗೂ ಇನ್ನೊಂದನ್ನು ಡಂಕೆಲ್ಡ್ ಎಂಬಲ್ಲಿ ಕೆನೆತ್ ಕಟ್ಟಿಸಿದ ದೇವಾಲಯಕ್ಕೂ ಒಯ್ದರು. ಅದೇ ಕೆನೆತ್ ಆಂಗ್ಲರ ನಾಡಿನ ಮೇಲೆ ಆರು ಬಾರಿ ದಂಡೆತ್ತಿ ಹೋದನು, ಡನ್‌ಬಾರ್ ಊರನ್ನು ಸುಟ್ಟನು, ಮೆಲ್‌ರೋಸ್ ಎಂಬ ಮಠದೂರನ್ನು ವಶಪಡಿಸಿಕೊಂಡನು. ಮೆಲ್‌ರೋಸ್ ಐಡನರ ಶಿಷ್ಯರ ಮಠ, ಕತ್‌ಬರ್ಟರು ಮಠವಾಸಿಯಾದ ಸ್ಥಳ. ಒಂದು ಕೈಯಲ್ಲಿ ಸಂತರ ಅವಶೇಷ, ಇನ್ನೊಂದು ಕೈಯಲ್ಲಿ ಪಂಜು. ಈ ಇಬ್ಬಂದಿತನ ಆ ರಾಜನೊಬ್ಬನದೇ ಅಲ್ಲ.

ವೈಕಿಂಗರಿಗೂ ಮನುಷ್ಯರೇ ಸರಕು. 870ರಲ್ಲಿ ಅವರು ಡಂಬಾರ್ಟನ್ ಕೋಟೆಗೆ ನಾಲ್ಕು ತಿಂಗಳು ಮುತ್ತಿಗೆ ಹಾಕಿ ಗೆದ್ದರು. ಮರುವರ್ಷ 200 ಹಡಗುಗಳಲ್ಲಿ ಆಂಗ್ಲರು, ಬ್ರಿಟನ್ನರು, ಪಿಕ್ಟರೆನ್ನದೆ ಅಪಾರ ಜನರನ್ನು ತುಂಬಿಕೊಂಡು ಡಬ್ಲಿನ್‌ಗೆ ಹೋದರು. ಮೂರು ಶತಮಾನ ಒಬ್ಬರೊಡನೊಬ್ಬರು ಬಡಿದಾಡಿದ ಜನ ಒಂದೇ ಹಡಗಿನಲ್ಲಿ, ಒಂದೇ ಸಂಕೋಲೆಯಲ್ಲಿ.

ಕಿರೀಟ ಇಳಿಸಿದ ರಾಜ

ಕೆನೆತನ ಮೊಮ್ಮಗ ಎರಡನೆಯ ಕಾನ್‌ಸ್ಟಂಟೈನ್ 900ರಿಂದ 943ರವರೆಗೆ ಆಳಿದನು. 906ರಲ್ಲಿ ಸ್ಕೂನ್ ಎಂಬಲ್ಲಿ ಧರ್ಮಾಧ್ಯಕ್ಷ ಕೆಲಾಖರೊಡನೆ ನಿಂತು, ವಿಶ್ವಾಸದ ಕಟ್ಟಳೆಗಳನ್ನೂ ಧರ್ಮಸಭೆಯ ಹಕ್ಕುಗಳನ್ನೂ ಕಾಯುವೆನೆಂದು ಪ್ರಮಾಣ ಮಾಡಿದನು. 934ರಲ್ಲಿ ಇಂಗ್ಲೆಂಡಿನ ರಾಜ ಎಥೆಲ್‌ಸ್ಟನ್ ನೆಲದ ಮೇಲೂ ಕಡಲಿನ ಮೇಲೂ ದಂಡೆತ್ತಿ ಬಂದು ಸ್ಕಾಟ್ಲೆಂಡನ್ನು ಸೂರೆ ಮಾಡಿದನು. ಸೇಡು ತೀರಿಸಿಕೊಳ್ಳಲು ಕಾನ್‌ಸ್ಟಂಟೈನನು ಡಬ್ಲಿನ್ನಿನ ವೈಕಿಂಗ್ ರಾಜನನ್ನೂ ಬ್ರಿಟನ್ನರನ್ನೂ ಕೂಡಿಕೊಂಡು 937ರಲ್ಲಿ ಇಂಗ್ಲೆಂಡಿಗೆ ನುಗ್ಗಿದನು. ಬ್ರುನನ್‌ಬರ್ ಎಂಬಲ್ಲಿ ದಿನವಿಡೀ ನಡೆದ ಕಾಳಗದಲ್ಲಿ ಅವನ ಪಕ್ಷಕ್ಕೆ ಭಾರಿ ಸೋಲಾಯಿತು. ಮುದಿ ರಾಜನು ತನ್ನ ಮಗನ ಹೆಣವನ್ನು ರಣರಂಗದಲ್ಲೇ ಬಿಟ್ಟು ಹಿಂದಿರುಗಬೇಕಾಯಿತು.

943ರಲ್ಲಿ ಅವನು ಕಿರೀಟವನ್ನು ಬಂಧು ಮಾಲ್ಕಮನಿಗೆ ಒಪ್ಪಿಸಿ ಸೇಂಟ್ ಆಂಡ್ರೂಸ್ ಮಠ ಸೇರಿದನು. ಬಲೆಯನ್ನು ಬಿಟ್ಟು ಯೇಸುಸ್ವಾಮಿಯ ಹಿಂದೆ ಹೋದ ಅಂದ್ರೆಯರ ಹೆಸರಿನ ಆ ಊರಿನಲ್ಲಿ ಈ ರಾಜನು ರಾಜ್ಯವನ್ನೇ ಬಿಟ್ಟು ಪ್ರಾರ್ಥನೆಯಲ್ಲಿ ಉಳಿದು, 952ರಲ್ಲಿ ತೀರಿಕೊಂಡನು.

ಕೊಲಂಬರ ದಾಸ ಮತ್ತು ಅವನ ರಾಣಿ

ಈಗ ಮಾರ್ಗರೇಟರ ಮನೆಗೆ ಬರೋಣ. 1058ರಿಂದ 1093ರವರೆಗೆ ಆಳಿದ ಮೂರನೆಯ ಮಾಲ್ಕಮ್ ಆಕೆಯ ಗಂಡ. ‘ಮಾಲ್ಕಮ್’ ಎಂಬ ಹೆಸರಿಗೆ ಗೇಲಿಕ್ ಭಾಷೆಯಲ್ಲಿ ‘ಕೊಲಂಬರ ದಾಸ’ ಎಂದರ್ಥ. ಈ ಕೊಲಂಬರ ದಾಸನು ತನ್ನ ಆಳ್ವಿಕೆಯಲ್ಲಿ ಐದು ಬಾರಿ ಉತ್ತರ ಇಂಗ್ಲೆಂಡಿಗೆ ನುಗ್ಗಿದನು. ಕೊಲಂಬರ ಮಠದಿಂದ ಹೋದ ಐಡನರು ನಡೆದಾಡಿದ ಅದೇ ನೆಲಕ್ಕೆ! 1070ರ ದಾಳಿ ಎಲ್ಲಕ್ಕಿಂತ ಘೋರವಾದುದು. ಮುದುಕರನ್ನು ಕೊಂದು, ಗಟ್ಟಿಮುಟ್ಟಾದ ಗಂಡಸರನ್ನೂ ಹೆಣ್ಣುಮಕ್ಕಳನ್ನೂ ದನಗಳಂತೆ ಹೊಡೆದುಕೊಂಡು ಬಂದರು. ಸ್ಕಾಟ್ಲೆಂಡಿನಲ್ಲಿ ಆಂಗ್ಲ ದಾಸನೋ ದಾಸಿಯೋ ಇಲ್ಲದ ಹಳ್ಳಿಯಿರಲಿ, ಒಂದು ಗುಡಿಸಲೂ ಇರಲಿಲ್ಲವೆಂದು ಡರಮ್ ಮಠದ ಇತಿಹಾಸ ಹೇಳುತ್ತದೆ.

ಮಾರ್ಗರೇಟರು ಆಂಗ್ಲ ರಾಜವಂಶದ ಹೆಣ್ಣುಮಗಳು. ತಂದೆ ದೇಶಭ್ರಷ್ಟರಾಗಿದ್ದಾಗ ಹಂಗೆರಿಯಲ್ಲಿ ಹುಟ್ಟಿದವರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ತಾಯಿ, ತಮ್ಮ, ತಂಗಿಯರೊಡನೆ ಸ್ಕಾಟ್ಲೆಂಡಿಗೆ ಆಶ್ರಯ ಬೇಡಿ ಬಂದವರು. ಸುಮಾರು 1070ರಲ್ಲಿ ಮಾಲ್ಕಮನು ಆಕೆಯನ್ನು ಮದುವೆಯಾದನು. ಆಕೆಯ ಪರಿಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡಿ. ತನ್ನ ಗಂಡನ ರಾಜ್ಯದಲ್ಲಿ ನೀರು ಹೊರುವವರು, ಬೀಸುವ ಕಲ್ಲು ತಿರುಗಿಸುವವರು ತನ್ನದೇ ಭಾಷೆಯ ಜನ. ಅವರನ್ನು ಹಿಡಿದು ತಂದವನು ತಾಳಿ ಕಟ್ಟಿದ ಗಂಡನೇ ಎನ್ನುವಂತೆ, ತಾನು ಕೈಹಿಡಿದವನೇ. ಅವನ ಯುದ್ಧಗಳನ್ನು ನಿಲ್ಲಿಸಲು ಆಕೆಯಿಂದಾಗಲಿಲ್ಲ. ಮದುವೆಯ ನಂತರವೂ ಅವನು 1079ರಲ್ಲಿ, 1091ರಲ್ಲಿ, 1093ರಲ್ಲಿ ದಂಡೆತ್ತಿ ಹೋಗಿದ್ದಾನೆ.

ಆಕೆಯ ಪಾಪನಿವೇದನೆ ಕೇಳುತ್ತಿದ್ದ, ಡರಮ್ ಮಠದ ಟರ್ಗೋ ಎಂಬವರು ಆಕೆಯ ಜೀವನಚರಿತ್ರೆ ಬರೆದಿದ್ದಾರೆ. ಮಾರ್ಗರೇಟರು ನಂಬಿಕಸ್ಥರನ್ನು ಗುಟ್ಟಾಗಿ ನಾಡಿನ ಮೂಲೆಮೂಲೆಗೆ ಕಳುಹಿಸುತ್ತಿದ್ದರು. ಯಾವ ಸೆರೆಯಾಳು ಎಲ್ಲಿದ್ದಾನೆ, ಯಾರನ್ನು ಒಡೆಯರು ಅತಿ ಕ್ರೂರವಾಗಿ ನಡೆಸಿಕೊಳ್ಳುತ್ತಿದ್ದಾರೆ ಎಂಬ ವಿವರ ತರಿಸಿಕೊಳ್ಳುತ್ತಿದ್ದರು. ನಂತರ ತಾವೇ ಹಣ ತೆತ್ತು ಅವರನ್ನು ಬಿಡಿಸುತ್ತಿದ್ದರು. ಬಾಗಿಲಿಗೆ ಬಂದವರಿಗೆ ನೀಡುವುದು ದಾನ. ಬಾಗಿಲಿಗೆ ಬರಲಾರದವರನ್ನು ಹುಡುಕಿಕೊಂಡು ಹೋಗುವುದು ಅದಕ್ಕಿಂತ ದೊಡ್ಡದು.

ದಿನವೂ ಬೆಳಗ್ಗೆ ಒಂಬತ್ತು ಅನಾಥ ಮಕ್ಕಳನ್ನು ಕರೆಸಿ, ತೊಡೆಯ ಮೇಲೆ ಕೂರಿಸಿಕೊಂಡು, ತಾವು ಬಳಸುವ ಚಮಚೆಯಿಂದಲೇ ಆಕೆ ಉಣಿಸುತ್ತಿದ್ದರು. ತಪಸ್ಸುಕಾಲದಲ್ಲಿ 300 ಬಡವರನ್ನು ಅರಮನೆಯ ಹಜಾರಕ್ಕೆ ಕರೆಸಿ ರಾಜನೂ ರಾಣಿಯೂ ಎರಡು ಸಾಲಿನಲ್ಲಿ ಬಡಿಸುತ್ತಿದ್ದರು. ಹೌದು, ಆ ಯುದ್ಧಕೋರ ರಾಜನೂ. ಅವನಿಗೆ ಓದು ಬಾರದು. ಆದರೂ ರಾಣಿ ಮೆಚ್ಚಿದ ಪ್ರಾರ್ಥನಾ ಪುಸ್ತಕಗಳನ್ನು ಎತ್ತಿಕೊಂಡು ಮುತ್ತಿಡುತ್ತಿದ್ದನು. ಆಕೆ ಬಡವರಿಗಾಗಿ ಅವನ ಚಿನ್ನದ ನಾಣ್ಯಗಳನ್ನು ಕದ್ದರೆ ಕಂಡರೂ ಕಾಣದಂತಿದ್ದು ಒಳಗೊಳಗೇ ನಗುತ್ತಿದ್ದನು. ಸೇಂಟ್ ಆಂಡ್ರೂಸ್‌ಗೆ ಹೋಗುವ ಯಾತ್ರಿಕರಿಗೆ ಹೊಳೆ ದಾಟಲು ಆಕೆ ಬಿಟ್ಟಿ ದೋಣಿಗಳನ್ನು ಇರಿಸಿದರು. ಆ ಜಾಗಕ್ಕೆ ಇಂದಿಗೂ ‘ಕ್ವೀನ್ಸ್‌ಫೆರಿ’, ಅಂದರೆ ರಾಣಿಯ ಕಡವು, ಎಂದೇ ಹೆಸರು.

1093ರ ಆಗಸ್ಟ್ 11ರಂದು ಡರಮ್‌ನ ಹೊಸ ಮಹಾದೇವಾಲಯಕ್ಕೆ ಅಡಿಗಲ್ಲು ಇಟ್ಟವರಲ್ಲಿ ಮಾಲ್ಕಮನೂ ಒಬ್ಬನು. ಅದೇ ತಿಂಗಳು ಇಂಗ್ಲೆಂಡಿನ ರಾಜನು ಅವನನ್ನು ಮಾತುಕತೆಗೆ ಕರೆಸಿಕೊಂಡು ಮುಖವನ್ನೂ ನೋಡದೆ ಅವಮಾನಿಸಿದನು. ಮಾಲ್ಕಮನು ಐದನೆಯ ಸಲ ದಂಡೆತ್ತಿ ಹೋದನು. ನವೆಂಬರ್ 13ರಂದು ಆನಿಕ್ ಎಂಬಲ್ಲಿ ಹತನಾದನು, ಹಿರಿಯ ಮಗ ಎಡ್ವರ್ಡನೂ ಹೋದನು. ಎಡಿನ್‌ಬರೊ ಕೋಟೆಯಲ್ಲಿ ಹಾಸಿಗೆ ಹಿಡಿದಿದ್ದ ತಾಯಿಯ ಬಳಿಗೆ ಇನ್ನೊಬ್ಬ ಮಗ ಎಡ್ಗರ್ ಬಂದನು. ಏನು ಹೇಳುವುದೆಂದು ತಿಳಿಯದೆ, ಎಲ್ಲರೂ ಚೆನ್ನಾಗಿದ್ದಾರೆ ಎಂದನು. ತಾಯಿಗೆ ತಿಳಿದುಹೋಗಿತ್ತು. ಕೈಯಲ್ಲಿದ್ದ ಶಿಲುಬೆಯ ಆಣೆಯಿಟ್ಟು ನಿಜ ಹೇಳಿಸಿದರು, ದೇವರನ್ನು ಸ್ತುತಿಸಿದರು, ಪ್ರಾರ್ಥಿಸುತ್ತಲೇ ಪ್ರಾಣ ಬಿಟ್ಟರು. ಅದು ನವೆಂಬರ್ 16. ಡನ್‌ಫರ್ಮ್‌ಲಿನ್‌ನಲ್ಲಿ ತಾವು ಕಟ್ಟಿಸಿದ ದೇವಾಲಯದಲ್ಲಿ ಅವರನ್ನು ಸಮಾಧಿ ಮಾಡಿದರು. ಪೋಪ್ ನಾಲ್ಕನೆಯ ಇನ್ನೊಸೆಂಟರ ಕಾಲದಲ್ಲಿ, 1250ರಲ್ಲಿ, ಅವರು ಸಂತರ ಸಾಲಿಗೆ ಸೇರಿದರು.

ಕಾರ್ಲೈಲ್‌ನ ಮಾತು

ಕಥೆಗೆ ಇನ್ನೊಂದು ಪುಟವಿದೆ. ಮಾರ್ಗರೇಟರ ಕಿರಿಯ ಮಗ ಡೇವಿಡ್ 1124ರಲ್ಲಿ ರಾಜನಾದನು. ಮಠಗಳನ್ನು ಕಟ್ಟಿಸಿದ ಭಕ್ತ ರಾಜನೆಂದು ಹೆಸರಾದವನು. ಅಂಥವನ ಸೈನ್ಯವೂ 1138ರಲ್ಲಿ ಉತ್ತರ ಇಂಗ್ಲೆಂಡಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಹಗ್ಗದಲ್ಲಿ ಕಟ್ಟಿ, ಈಟಿಯಿಂದ ತಿವಿಯುತ್ತಾ ಎಳೆದುಕೊಂಡು ಹೋಯಿತು. ಆಗಸ್ಟ್ 22ರಂದು ನಾರ್ತ್‌ಅಲರ್ಟನ್ ಬಳಿ ಯುದ್ಧವಾದಾಗ ಆಂಗ್ಲರು ಬಂಡಿಯ ಮೇಲೆ ಹಡಗಿನ ಕಂಬ ನೆಟ್ಟು, ಸಂತರ ಧ್ವಜಗಳನ್ನೂ ಪರಮಪ್ರಸಾದವನ್ನೂ ಅದಕ್ಕೆ ಏರಿಸಿಕೊಂಡು ಬಂದಿದ್ದರು. ಡೇವಿಡನು ಸೋತು ಕಾರ್ಲೈಲ್‌ಗೆ ಹಿಮ್ಮೆಟ್ಟಿದನು.

ಆ ಸೆಪ್ಟೆಂಬರಿನಲ್ಲಿ ಪೋಪರ ಪ್ರತಿನಿಧಿ ಕಾರ್ಡಿನಲ್ ಆಲ್ಬೆರಿಕರು ಸುಟ್ಟು ಹಾಳಾದ ಊರುಗಳನ್ನು ದಾಟಿಕೊಂಡು ಕಾರ್ಲೈಲ್‌ಗೆ ಬಂದರು. ಪೂರ್ತಿ ಶಾಂತಿಯನ್ನು ಮಾಡಿಸಲು ಅವರಿಂದ ಆಗಲಿಲ್ಲ. ಕೊಂಚ ಕಾಲದ ಕದನವಿರಾಮ ಸಿಕ್ಕಿತು. ಆದರೆ ಅವರು ಇನ್ನೊಂದು ಮಾತನ್ನು ಪಡೆದರು. ಸೆರೆಹಿಡಿದ ಹೆಣ್ಣುಮಕ್ಕಳನ್ನೆಲ್ಲಾ ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದೊಳಗೆ ಕಾರ್ಲೈಲ್‌ಗೆ ಕರೆತಂದು ಬಿಟ್ಟುಬಿಡಬೇಕು. ಇನ್ನು ಮುಂದೆ ದೇವಾಲಯಗಳನ್ನು ಮುಟ್ಟಬಾರದು. ಮಕ್ಕಳನ್ನೂ ಹೆಂಗಸರನ್ನೂ ವೃದ್ಧರನ್ನೂ ಅಶಕ್ತರನ್ನೂ ಕೊಲ್ಲಬಾರದು. ತಾಯಿ ಮಾರ್ಗರೇಟರು ಗುಟ್ಟಾಗಿ ಒಬ್ಬೊಬ್ಬರನ್ನಾಗಿ ಬಿಡಿಸುತ್ತಿದ್ದುದನ್ನು ಮಗ ಬಹಿರಂಗವಾಗಿ ಒಪ್ಪಿಕೊಳ್ಳಬೇಕಾಯಿತು. ಸೆರೆಯಾಳುಗಳನ್ನು ದಾಸರನ್ನಾಗಿ ಮಾಡುವ ಪದ್ಧತಿ ಆ ಶತಮಾನದಲ್ಲಿ ಅಲ್ಲಿ ಕ್ರಮೇಣ ಅಳಿಯಿತು.

ಏಡಾನನ ಗೆಲುವು 603ರಲ್ಲಿ ಕರಗಿಹೋಯಿತು. ಎಗ್‌ಫ್ರಿತನ ಸಾಮ್ರಾಜ್ಯ 685ರ ಒಂದು ದಿನದಲ್ಲಿ ಮುರಿಯಿತು. ಮಾಲ್ಕಮನ ಐದು ದಂಡಯಾತ್ರೆಗಳು ಅವನಿಗೆ ಒಂದು ಸಮಾಧಿಯನ್ನಷ್ಟೇ ತಂದವು. ಅಡಮ್ನಾನರು ಕರೆತಂದ ಆ 60 ಮಂದಿ ಮಾತ್ರ ನಿಜವಾಗಿಯೂ ಮನೆ ತಲುಪಿದರು. ಮಾರ್ಗರೇಟರು ಬಿಡಿಸಿದವರು ನಿಜವಾಗಿಯೂ ಸ್ವತಂತ್ರರಾದರು. ಸೆರೆಯಲ್ಲಿರುವವರಿಗೆ ಬಿಡುಗಡೆ ಸಾರಲು ಬಂದ ಯೇಸುಸ್ವಾಮಿಯ ಹೆಸರಿನಲ್ಲಿ ನಡೆದ ಆ ಕೆಲಸವನ್ನು ಯಾವ ಸೋಲೂ ಅಳಿಸಲಾರದು.

ನಮ್ಮ ಮನೆಯವರು, ನಮ್ಮ ಊರಿನವರು, ನಮ್ಮ ಪಕ್ಷದವರು ಎತ್ತಿದ ಜಗಳವನ್ನು ನಿಲ್ಲಿಸುವ ಶಕ್ತಿ ಎಲ್ಲ ವೇಳೆಯೂ ನಮಗೆ ಇರುವುದಿಲ್ಲ. ಆ ಜಗಳದಲ್ಲಿ ತುಳಿತಕ್ಕೆ ಸಿಕ್ಕವರು ಎಲ್ಲಿದ್ದಾರೆಂದು ಹುಡುಕಿಸುವುದು, ಅವರಲ್ಲಿ ಒಬ್ಬರನ್ನಾದರೂ ಬಿಡಿಸುವುದು ನಮ್ಮ ಕೈಯಲ್ಲಿದೆ. ನವೆಂಬರ್ 16ರಂದು ಬಲಿಪೂಜೆಯಲ್ಲಿ ಸಂತ ಮಾರ್ಗರೇಟರ ಹೆಸರು ಕಿವಿಗೆ ಬಿದ್ದಾಗ ನಾವು ಆಕೆಯ ಕಿರೀಟವನ್ನಲ್ಲ, ಆಕೆ ಗುಡಿಸಲು ಗುಡಿಸಲಿಗೆ ಕಳುಹಿಸಿದ ಆ ನಂಬಿಕಸ್ಥರನ್ನು ನೆನೆಯೋಣ. ಸಂತ ಮಾರ್ಗರೇಟರೇ, ನಮಗಾಗಿ ಪ್ರಾರ್ಥಿಸಿರಿ.